ಒಸಾಕದ ಪೇಟೆಬೀದಿಗಳು: ನಡೆದು ನೋಡಬೇಕಾದ ಲೆಕ್ಕ

ವಿದೇಶಗಳಿಗೆ ತೆರಳುವ ವಾಣಿಜ್ಯ ನಿಯೋಗಗಳ ಕಾರ್ಯಕ್ರಮ ಪಟ್ಟಿಗಳನ್ನು ಅವಲೋಕಿಸಿದರೆ ಒಂದು ಅಂಶ ಎದ್ದು ಕಾಣುತ್ತದೆ. ವಿಮಾನ ನಿಲ್ದಾಣದಿಂದ ಹೋಟೆಲಿಗೆ, ಹೋಟೆಲಿನಿಂದ ವಸ್ತುಪ್ರದರ್ಶನದ ಸಭಾಂಗಣಕ್ಕೆ, ಅಲ್ಲಿಂದ ಭಾರತೀಯ ಭೋಜನಾಲಯಕ್ಕೆ, ಕೊನೆಯ ದಿನ ಯಾವುದಾದರೊಂದು ಮಾಲಿಗೆ. ಎಲ್ಲವೂ ಹವಾನಿಯಂತ್ರಿತ ಬಸ್ಸಿನಲ್ಲಿಯೇ. ಐದಾರು ದಿನ ಒಂದು ಊರಿನಲ್ಲಿ ತಂಗಿ ಬಂದ ಸಣ್ಣ ಉದ್ಯಮಿಗೆ ಆ ಊರಿನ ಒಂದೇ ಒಂದು ಬೀದಿಯ ಹೆಸರೂ ತಿಳಿದಿರುವುದಿಲ್ಲ. ದುಡಿಯುವ ಬಂಡವಾಳದಿಂದ ತೆಗೆದೋ, ಬ್ಯಾಂಕಿನ ಓವರ್‌ಡ್ರಾಫ್ಟ್ ಮೇಲೆ ಭಾರ ಹೊರಿಸಿಯೋ ಮಾಡಿದ ಖರ್ಚಿಗೆ ಪ್ರತಿಯಾಗಿ ಆತನ ಕೈಗೆ ಬಂದದ್ದು ಒಂದು ಚೀಲ ಕ್ಯಾಟಲಾಗುಗಳು. ಕ್ಯಾಟಲಾಗು ಅಂಚೆಯಲ್ಲಿಯೂ ಬರುತ್ತದೆ. ಈಗಂತೂ ಮೊಬೈಲಿಗೇ ಬರುತ್ತದೆ.

ಅಪರಿಚಿತ ನಗರವನ್ನು ಕಾಲ್ನಡಿಗೆಯಲ್ಲಿ ಸುತ್ತುವುದು ಬಿಡುವಿದ್ದ ಪ್ರವಾಸಿಗರ ಹವ್ಯಾಸ, ವ್ಯಾಪಾರಕ್ಕೆ ಹೋದವರಿಗೆ ಅದರ ಗೊಡವೆ ಬೇಡ ಎಂಬ ಅಭಿಪ್ರಾಯ ವರ್ತಕ ವಲಯದಲ್ಲಿ ಬೇರೂರಿದೆ. ಈ ಅಭಿಪ್ರಾಯ ಪುನರ್‌ಪರಿಶೀಲನೆಗೆ ಅರ್ಹವಾಗಿದೆ. ಸರಕಿನ ಬೆಲೆ ಸಭಾಂಗಣದಲ್ಲಿ ತಿಳಿದೀತು. ಆದರೆ ಆ ಊರಿನ ಪೇಟೆ ಇಷ್ಟು ಕಾಲ ಹೇಗೆ ನಿಂತಿತು, ಅದರ ರಸ್ತೆ, ಸೇತುವೆ, ಮಳೆಯ ಮಾಡುಗಳ ವೆಚ್ಚವನ್ನು ಯಾರು ಭರಿಸಿದರು, ರಸ್ತೆ ಅಗಲವಾದಾಗ ಅಂಗಡಿ ಕಳೆದುಕೊಂಡವರು ಎಲ್ಲಿ ಹೋದರು ಎಂಬ ಪ್ರಶ್ನೆಗಳು ಏಳುವುದೂ ಅವುಗಳಿಗೆ ಉತ್ತರ ದೊರೆಯುವುದೂ ಬೀದಿಯಲ್ಲಿ ನಡೆದವನಿಗೆ ಮಾತ್ರ. ಇವು ಕೇವಲ ಕುತೂಹಲದ ಪ್ರಶ್ನೆಗಳಲ್ಲ. ರಾಜ್ಯದ ಯಾವ ಊರಿನಲ್ಲಿಯೇ ಆಗಲಿ, ಪೇಟೆಬೀದಿಯ ಅಗಲೀಕರಣದ ಪ್ರಸ್ತಾಪ ಬಂದಾಗ ವರ್ತಕರ ಬಾಯಿಂದ ಹೊರಡುವುದು ಎರಡೇ ಪದ: ಒಂದು ಆಕ್ಷೇಪಣೆ, ಇನ್ನೊಂದು ಪರಿಹಾರ. ಮೂರನೆಯ ಮಾತೊಂದು ಇರಬಹುದೆಂಬುದನ್ನು ಕಾಣಲು ಜಪಾನಿನ ಒಸಾಕ ನಗರ ತಕ್ಕ ಸ್ಥಳ.

2025ರ ಏಪ್ರಿಲ್ 13ರಿಂದ ಅಕ್ಟೋಬರ್ 13ರವರೆಗೆ ಅಲ್ಲಿ ನಡೆದ ವಿಶ್ವ ವಸ್ತುಪ್ರದರ್ಶನ ಸಮುದ್ರವನ್ನು ತುಂಬಿ ನಿರ್ಮಿಸಿದ ಯುಮೆಶಿಮಾ ದ್ವೀಪದಲ್ಲಿತ್ತು. ವರ್ಷವಿಡೀ ವಾಣಿಜ್ಯ ಮೇಳಗಳು ಜರುಗುವ ಇಂಟೆಕ್ಸ್ ಒಸಾಕ ಸಭಾಂಗಣವೂ ಅಂಥದೇ ಇನ್ನೊಂದು ಕೃತಕ ದ್ವೀಪದಲ್ಲಿದೆ. ಅಲ್ಲಿಗಷ್ಟೇ ಹೋಗಿ ಬಂದವರು ಒಸಾಕದ ಮಣ್ಣನ್ನು ಮೆಟ್ಟಿದರೆಂದು ಹೇಳುವುದೇ ಕಷ್ಟ. ವರ್ತಕರ ಒಸಾಕ ಇರುವುದು ನದಿಯ ನಡುಗಡ್ಡೆಯಾದ ನಾಕಾನೋಶಿಮಾದಿಂದ ದಕ್ಷಿಣಕ್ಕೆ ನಂಬಾದವರೆಗಿನ ಮೂರು ನಾಲ್ಕು ಕಿಲೋಮೀಟರ್ ಅಂತರದಲ್ಲಿ. ನೆಲ ಸಮತಟ್ಟು, ಬೀದಿಗಳು ಚದುರಂಗದ ಮನೆಗಳಂತೆ ನೇರ. ಪೂರ್ವ-ಪಶ್ಚಿಮದ ಬೀದಿಗೆ 'ತೋರಿ', ಉತ್ತರ-ದಕ್ಷಿಣದ ಬೀದಿಗೆ 'ಸುಜಿ' ಎಂಬ ಹೆಸರು. ಇಷ್ಟು ತಿಳಿದವನು ದಾರಿ ತಪ್ಪುವುದು ಅಪರೂಪ. ತಪ್ಪಿದರೂ ಮೂಲೆಗಳಲ್ಲಿ 'ಕೋಬಾನ್' ಎಂಬ ಪುಟ್ಟ ಪೊಲೀಸ್ ಚೌಕಿಗಳಿವೆ. ದಾರಿ ತೋರಿಸುವುದು ಅವರ ನಿತ್ಯದ ಕೆಲಸ.

ನಾಕಾನೋಶಿಮಾದ ಕೆಂಪು ಇಟ್ಟಿಗೆಯ ಸಾರ್ವಜನಿಕ ಸಭಾಭವನದಿಂದಲೇ ನಡಿಗೆ ಆರಂಭವಾಗುವುದು ಲೇಸು. ಏಕೆಂದರೆ ಆ ಕಟ್ಟಡ ಹುಟ್ಟಿದ್ದೇ ಒಂದು ವಾಣಿಜ್ಯ ನಿಯೋಗದಿಂದ. 1909ರಲ್ಲಿ ಶಿಬುಸಾವಾ ಎಯಿಚಿಯವರ ನೇತೃತ್ವದಲ್ಲಿ ಜಪಾನಿನ ಉದ್ಯಮಿಗಳ ನಿಯೋಗವೊಂದು ಅಮೆರಿಕಕ್ಕೆ ತೆರಳಿತು. ಅದರಲ್ಲಿದ್ದ ಒಸಾಕದ ಷೇರು ದಲ್ಲಾಳಿ ಇವಾಮೊಟೊ ಎಯ್ನೊಸುಕೆ, ಅಲ್ಲಿನ ಧನಿಕರು ಸಾರ್ವಜನಿಕ ಸಂಸ್ಥೆಗಳಿಗೆ ನೀಡಿದ ದಾನಗಳನ್ನು ಕಂಡು ಪ್ರಭಾವಿತರಾಗಿ ಮರಳಿದರು. 1911ರಲ್ಲಿ ನಗರಕ್ಕೆ ಹತ್ತು ಲಕ್ಷ ಯೆನ್ ಅರ್ಪಿಸಿದರು. ಮುಂದೆ ಮಹಾಯುದ್ಧದ ಕಾಲದ ಏರುಪೇಟೆಯಲ್ಲಿ ಅವರಿಗೆ ಭಾರಿ ನಷ್ಟ ಒದಗಿತು. ದಾನದ ಹಣದಲ್ಲಿ ಒಂದಿಷ್ಟನ್ನಾದರೂ ಹಿಂದಕ್ಕೆ ಪಡೆಯುವಂತೆ ಹಿತೈಷಿಗಳು ಹೇಳಿದರೂ ಒಪ್ಪದೆ, 1916ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಪ್ರಾಣ ಕಳೆದುಕೊಂಡರು. ಭವನ ಪೂರ್ಣಗೊಂಡದ್ದು 1918ರಲ್ಲಿ. ಕ್ಯಾಟಲಾಗಿನ ಹೊರತು ಬೇರೆ ಏನನ್ನೋ ನೋಡಿ ಬಂದ ಒಬ್ಬ ಸದಸ್ಯನ ವಿಷಯವಿದು. ಅದರ ದುರಂತ ಬೇರೆಯ ಮಾತು.

ಭವನದಿಂದ ಸ್ವಲ್ಪ ಪಶ್ಚಿಮಕ್ಕೆ ಯೊದೊಯಾಬಾಶಿ ಎಂಬ ಸೇತುವೆ. ಯೊದೊಯಾ ಎಂಬುದು ವರ್ತಕ ಮನೆತನದ ಹೆಸರು. ಮೊದಲ ಸೇತುವೆಯನ್ನು ಕಟ್ಟಿಸಿದ್ದು ಆ ಮನೆತನವೇ. ಈಗಿನದು 1935ರ ನಿರ್ಮಾಣ. ತೊಕುಗಾವಾ ಆಳ್ವಿಕೆಯ ಕಾಲದಲ್ಲಿ ಒಸಾಕದಲ್ಲಿದ್ದ ಸುಮಾರು ಇನ್ನೂರು ಸೇತುವೆಗಳ ಪೈಕಿ ಸರ್ಕಾರದ ಖರ್ಚಿನಲ್ಲಿದ್ದವು ಕೇವಲ ಹನ್ನೆರಡು. ಉಳಿದವನ್ನು ಕಟ್ಟಿ, ದುರಸ್ತಿ ಮಾಡಿ, ಉಳಿಸಿಕೊಂಡವರು ಆಯಾ ಬೀದಿಯ ಜನ. ಇದು ಔದಾರ್ಯವೇನಲ್ಲ. ಕಾಲುವೆಯ ಆಚೆ ದಡದ ಗಿರಾಕಿ ಈಚೆ ಬರಬೇಕಾದರೆ ಸೇತುವೆ ಬೇಕು, ಅಷ್ಟೆ. ಇದೇ ಯೊದೊಯಾ ಮನೆತನದ ಆಸ್ತಿಯನ್ನು, ಅಂತಸ್ತು ಮೀರಿ ಬದುಕಿದರೆಂಬ ಕಾರಣ ನೀಡಿ, ಆಡಳಿತ 1705ರಲ್ಲಿ ಮುಟ್ಟುಗೋಲು ಹಾಕಿಕೊಂಡಿತೆಂಬುದನ್ನೂ ಮರೆಯುವಂತಿಲ್ಲ.

ನದಿ ದಾಟಿದೊಡನೆ ಕಿಟಾಹಾಮಾ. ಷೇರು ವಿನಿಮಯ ಕೇಂದ್ರದ ಮುಂದೆ ಗೊದಾಯ್ ತೊಮೊಆತ್ಸು ಅವರ ಪ್ರತಿಮೆ ನಿಂತಿದೆ. 1878ರಲ್ಲಿ ಒಸಾಕದ ಷೇರು ವಿನಿಮಯ ಕೇಂದ್ರವನ್ನೂ ವಾಣಿಜ್ಯ ಸಂಘವನ್ನೂ ಸ್ಥಾಪಿಸಿದವರಲ್ಲಿ ಇವರೇ ಮುಂದಾಳು. ವಾಣಿಜ್ಯ ಸಂಘದ ಸದಸ್ಯರಾದವರು ಒಂದು ಕ್ಷಣ ನಿಂತು ಹೋಗಬೇಕಾದ ಸ್ಥಳ. ಕೂಗಳತೆಯಲ್ಲಿ ತೆಕಿಜುಕು ಎಂಬ ಹಳೆಯ ಮರದ ಮನೆಯಿದೆ. ಡಚ್ ಭಾಷೆಯ ಮೂಲಕ ವೈದ್ಯ ಮೊದಲಾದ ವಿದ್ಯೆಗಳನ್ನು ಕಲಿಸುತ್ತಿದ್ದ ಈ ಶಾಲೆಯಲ್ಲಿ ಓದಿದ ಫುಕುಝಾವಾ ಯುಕಿಚಿ, 1873ರಲ್ಲಿ ಅಮೆರಿಕದ ಪಠ್ಯಪುಸ್ತಕವೊಂದನ್ನು ಅನುವಾದಿಸಿ ಪಾಶ್ಚಾತ್ಯ ಲೆಕ್ಕ ಬರೆಯುವ ಕ್ರಮವನ್ನು ಜಪಾನೀಯರಿಗೆ ಪರಿಚಯಿಸಿದರು. ಜೋಡಿ ನಮೂದು ಪದ್ಧತಿಯ ಭಾಗ ಮರುವರ್ಷ ಹೊರಬಂತು. ಹತ್ತು ಸಾವಿರ ಯೆನ್ ನೋಟಿನ ಮೇಲೆ 1984ರಿಂದ ಇದ್ದ ಚಿತ್ರ ಅವರದೇ. 2024ರ ಜುಲೈಯಿಂದ ಆ ಸ್ಥಾನಕ್ಕೆ ಬಂದವರು ಮೇಲೆ ಹೇಳಿದ ನಿಯೋಗದ ನಾಯಕ ಶಿಬುಸಾವಾ. ಲೆಕ್ಕಪತ್ರದವರಿಗೆ ಇಷ್ಟು ಗೌರವ ದೊರೆತ ದೇಶ ಮತ್ತೊಂದು ಇದ್ದಂತಿಲ್ಲ.

ಅಲ್ಲಿಯೇ ಹತ್ತಿರ, ದೊಡ್ಡ ವಿಮಾ ಕಂಪನಿಯೊಂದರ ಗೋಡೆಯಲ್ಲಿ ಕೈತೊಕುದೊ ಶಾಲೆಯ ನೆನಪಿನ ಶಿಲೆಯಿದೆ. 1724ರಲ್ಲಿ ಐವರು ವರ್ತಕರು ಹಣ ಕೂಡಿಸಿ ವ್ಯಾಪಾರಿಗಳಿಗಾಗಿ ತೆರೆದ ಶಾಲೆ ಅದು. ಪುಸ್ತಕವಿಲ್ಲದವರೂ ಪಾಠ ಕೇಳಬಹುದು, ಅನಿವಾರ್ಯ ಕೆಲಸವಿದ್ದರೆ ನಡುವೆ ಎದ್ದು ಹೋಗಬಹುದು ಎಂಬುದು ಅಲ್ಲಿನ ನಿಯಮ. ಅಂಗಡಿಯವರ ಕಷ್ಟ ಬಲ್ಲವರು ಮಾಡಿದ ನಿಯಮವೆಂಬುದು ಸ್ಪಷ್ಟ. ಇನ್ನೂ ಸ್ವಲ್ಪ ದಕ್ಷಿಣಕ್ಕೆ ಔಷಧ ವರ್ತಕರ ದೋಶೋಮಾಚಿ ಬೀದಿ. 1781ರಲ್ಲಿ ಇಲ್ಲಿ ಒಂದು ಸಣ್ಣ ಅಂಗಡಿಯಾಗಿ ಆರಂಭವಾದದ್ದೇ ಇಂದಿನ ತಕೇದಾ ಕಂಪನಿ. ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆಗಳನ್ನು ಬಲ್ಲ ಬೆಂಗಳೂರಿಗರಿಗೆ ಒಂದೇ ಕಸುಬಿನವರು ಒಂದೇ ಬೀದಿಯಲ್ಲಿ ನೆಲೆಸುವ ಈ ರೀತಿ ಹೊಸದೇನಲ್ಲ.

ಹೊಸದೆನಿಸುವುದು ಮಿದೋಸುಜಿ. ಇದು ಇಂದು ನಗರದ ಹೆಬ್ಬೀದಿ: ಸುಮಾರು 44 ಮೀಟರ್ ಅಗಲ, ನಾಲ್ಕು ಕಿಲೋಮೀಟರ್ ಉದ್ದ, ಇಕ್ಕೆಲದಲ್ಲಿ ಗಿಂಕೊ ಮರಗಳ ಸಾಲು, ಕೆಳಗೆ ಸುರಂಗ ರೈಲು. ಒಂದು ನೂರು ವರ್ಷಗಳ ಹಿಂದೆ ಇದರ ಅಗಲ ಆರು ಮೀಟರಿನಷ್ಟು. ಇದನ್ನು ಹಿಗ್ಗಿಸಲು ಕೈಹಾಕಿದ ಮೇಯರ್ ಸೆಕಿ ಹಾಜಿಮೆ ರಾಜಕಾರಣಿಯಾಗಿ ಬೆಳೆದವರಲ್ಲ. ಟೋಕಿಯೋದ ಉನ್ನತ ವಾಣಿಜ್ಯ ಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. 1926ರಲ್ಲಿ ಕಾಮಗಾರಿ ಆರಂಭವಾದಾಗ, ಊರ ನಡುವೆ ವಿಮಾನ ಇಳಿಸುವ ಬಯಲು ಮಾಡುತ್ತಾರೆಯೇ ಎಂದು ಜನ ಹಂಗಿಸಿದರೆಂಬ ಮಾತು ಉಳಿದು ಬಂದಿದೆ. ಹಂಗಿಸಿದ್ದು ಅಗಲಕ್ಕೆ, ಸಿಟ್ಟಾದದ್ದು ಹಣಕ್ಕೆ. ರಸ್ತೆ ಅಗಲವಾದರೆ ಅದರ ಬದಿಯ ನಿವೇಶನಗಳ ಬೆಲೆ ಏರುತ್ತದೆ, ಆದ್ದರಿಂದ ಪ್ರಯೋಜನ ಪಡೆಯುವವರು ವೆಚ್ಚದಲ್ಲಿ ಪಾಲು ನೀಡತಕ್ಕದ್ದೆಂದು ನಗರಾಡಳಿತ ಬದಿಯ ಭೂಮಾಲೀಕರ ಮೇಲೆ ವಂತಿಗೆ ವಿಧಿಸಿತು. ವಿರೋಧ ತೀವ್ರವಾಗಿತ್ತು. ಸೆಕಿಯವರು 1935ರಲ್ಲಿ ತೀರಿಕೊಂಡರು; ರಸ್ತೆ ಮುಗಿದದ್ದು 1937ರಲ್ಲಿ.

ಈ ಲೆಕ್ಕವನ್ನು ಎರಡೂ ಕಡೆಯಿಂದ ನೋಡುವುದು ಅವಶ್ಯ. ಬೆಂಗಳೂರಿನಲ್ಲಿ ರಸ್ತೆಗಾಗಿ ಜಾಗ ಬಿಟ್ಟುಕೊಟ್ಟವರಿಗೆ ನಗದಿನ ಬದಲು ಅಭಿವೃದ್ಧಿ ಹಕ್ಕಿನ ಪತ್ರ ನೀಡುವ ಕ್ರಮವಿದೆ. ಪತ್ರವನ್ನು ಹಿಡಿದು ಕೊಳ್ಳುವವರಿಗಾಗಿ ಅಲೆಯುವುದು ಒಬ್ಬರ ಪಾಲಿಗೆ. ಜಾಗ ಬಿಡದೆ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದ ಕಟ್ಟಡದ ಲಾಭ ಇನ್ನೊಬ್ಬರ ಪಾಲಿಗೆ. ಒಸಾಕದ ಕ್ರಮದಲ್ಲಿ ಈ ಎರಡನೆಯವನೂ ಲೆಕ್ಕದೊಳಗೆ ಬರುತ್ತಾನೆ. ಆದರೆ ಬಾಡಿಗೆ ಅಂಗಡಿಯವನ ಸ್ಥಿತಿ ಬೇರೆ. ನಿವೇಶನದ ಬೆಲೆ ಏರಿದರೆ ಆತನಿಗೆ ದೊರೆಯುವುದು ಲಾಭವಲ್ಲ, ಹೆಚ್ಚಿದ ಬಾಡಿಗೆ. ವಾಣಿಜ್ಯ ಸಂಘಗಳಲ್ಲಿ ಮಾಲೀಕರೂ ಇದ್ದಾರೆ, ಬಾಡಿಗೆದಾರರೂ ಇದ್ದಾರೆ. ಆದಕಾರಣವೇ ಇಂಥ ವಿಷಯ ಸಭೆಯಲ್ಲಿ ಬಂದಾಗ ಎಲ್ಲರೂ ಮೌನಿಗಳಾಗುತ್ತಾರೆ. ಇತ್ತ ಒಸಾಕ ನಗರಾಡಳಿತವೀಗ ಮಿದೋಸುಜಿಯ ಬದಿಯ ಓಣಿಗಳನ್ನು ವಾಹನಗಳಿಂದ ಬಿಡಿಸಿ ಕಾಲುದಾರಿಯನ್ನಾಗಿಸುತ್ತಿದೆ. ಅಂದು ವಾಹನಗಳಿಗಾಗಿ ಹಿಗ್ಗಿಸಿದ್ದನ್ನು ನಡೆಯುವವರಿಗೆ ಮರಳಿಸುವ ಕೆಲಸವಿದು.

ಮಿದೋಸುಜಿಯಲ್ಲಿ ದಕ್ಷಿಣಕ್ಕೆ ಸಾಗಿ ಹೊನ್‌ಮಾಚಿ ದಾಟುತ್ತಿದ್ದಂತೆ ಪೂರ್ವ-ಪಶ್ಚಿಮವಾಗಿ ಒಂದು ಮೇಲ್ರಸ್ತೆ ಅಡ್ಡ ಬರುತ್ತದೆ. ಬಸ್ಸಿನಲ್ಲಿ ಅದರ ಮೇಲೆ ಹೋದವರಿಗೆ ಅದು ಬರೀ ರಸ್ತೆ. ಕೆಳಗೆ ನಡೆದವರಿಗೆ ಅದು ಸೆಂಬಾ ಸೆಂಟರ್ ಬಿಲ್ಡಿಂಗ್: ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ಸಾಲಾಗಿ ನಿಂತ ಹತ್ತು ಕಟ್ಟಡಗಳು, ಅವುಗಳ ನೆತ್ತಿಯ ಮೇಲೆಯೇ ಹೆದ್ದಾರಿ. 1970ರ ವಿಶ್ವ ವಸ್ತುಪ್ರದರ್ಶನಕ್ಕೆ ಮುನ್ನ ಸೆಂಬಾ ಪ್ರದೇಶವನ್ನು ಸೀಳಿ ಈ ರಸ್ತೆ ಹಾಯ್ದಾಗ ಬಟ್ಟೆಯ ಸಗಟು ವರ್ತಕರು ಜಾಗ ಕಳೆದುಕೊಂಡರು. ಅವರನ್ನು ಊರಾಚೆ ಕಳುಹಿಸದೆ, ಆ ರಸ್ತೆಯ ಕೆಳಗೇ ಮಳಿಗೆಗಳನ್ನು ಕಟ್ಟಿ ಅದೇ ಪೇಟೆಯಲ್ಲಿ ಉಳಿಸಿಕೊಳ್ಳಲಾಯಿತು. ಗಿರಾಕಿ ವಿಳಾಸ ಹುಡುಕಬೇಕಾಗಲಿಲ್ಲ; ಉದ್ದರಿ ಬಾಕಿ ವಸೂಲಿಗೂ ತೊಡಕಾಗಲಿಲ್ಲವೆಂದು ಊಹಿಸಬಹುದು. ಕಟ್ಟಡ ಸುಂದರವೇನಲ್ಲ, ಬೆಳಕೂ ಸಾಲದು. ಆದರೂ ಮೇಲ್ಸೇತುವೆಯ ಕೆಳಗೆ ಕಸ ಮತ್ತು ವಾಹನ ನಿಲುಗಡೆಯನ್ನಷ್ಟೇ ಕಂಡ ಕಣ್ಣಿಗೆ ಇದು ನೋಡತಕ್ಕ ನೋಟ.

ಅಲ್ಲಿಂದ ಶಿನ್‌ಸೈಬಾಶಿಯ ಮಾಡು ಹೊದಿಸಿದ ಬೀದಿ. ಜಪಾನಿನ ಇಂಥ ಅಂಗಡಿಸಾಲುಗಳ ಮಾಡು, ದೀಪ, ನೆಲಹಾಸುಗಳನ್ನು ಬಹುಮಟ್ಟಿಗೆ ನೋಡಿಕೊಳ್ಳುವವರು ಅಂಗಡಿಯವರ ಸಂಘಗಳು. ಸದಸ್ಯರ ವಂತಿಗೆಯೇ ಆಧಾರ, ಜೊತೆಗೆ ಸರ್ಕಾರದ ಸಹಾಯಧನ. ಇದಕ್ಕೆಂದೇ 1962ರಲ್ಲಿ ಪ್ರತ್ಯೇಕ ಕಾಯಿದೆಯಾಯಿತು. ನಂಬಾದ ಹತ್ತಿರದ ದೋಗುಯಾಸುಜಿ ನೂರೈವತ್ತು ಮೀಟರಿನ ಪುಟ್ಟ ಬೀದಿ. ಹೋಟೆಲು ತೆರೆಯಬೇಕೆಂದಿರುವವನಿಗೆ ಬೇಕಾದ ಸೌಟು, ಬಾಣಲೆ, ಬಾಗಿಲ ಪರದೆ, ನಾಮಫಲಕ, ಗಾಜಿನ ಪೆಟ್ಟಿಗೆಯಲ್ಲಿಡುವ ಮೇಣದಂತೆ ಹೊಳೆಯುವ ಹುಸಿ ತಿಂಡಿಗಳು ಎಲ್ಲವೂ ಅಲ್ಲಿವೆ. ಸ್ಟೇನ್‌ಲೆಸ್ ಪಾತ್ರೆ ತಯಾರಕರು ಅರ್ಧ ದಿನವನ್ನು ಇಲ್ಲಿಗೇ ಮೀಸಲಿಟ್ಟರೂ ನಷ್ಟವಿಲ್ಲ. ಹಿಡಿಕೆಯ ತಿರುವು, ತಳದ ದಪ್ಪ, ಒಳಬದಿಯ ಅಳತೆಗೆರೆ ಇವು ಕೈಯಲ್ಲಿ ಹಿಡಿದಾಗ ತಿಳಿಯುವಂಥವು. ಆದರೆ ಎಲ್ಲ ಕಡೆ ಇದೇ ಕಳೆಯಿದೆಯೆಂದು ಭಾವಿಸಲಾಗದು. ಜಪಾನಿನ ಅನೇಕ ಸಣ್ಣ ಊರುಗಳಲ್ಲಿ ಇಂಥ ಬೀದಿಗಳು ಮುಚ್ಚಿದ ಶಟರುಗಳ ಸಾಲಾಗಿವೆ. ಸದಸ್ಯರು ಕಡಿಮೆಯಾದಂತೆ ಮಾಡಿನ ದುರಸ್ತಿಯ ಹೊರೆ ಉಳಿದವರ ತಲೆಗೆ ಬೀಳುತ್ತದೆ; ಕೊನೆಗೆ ಮಾಡನ್ನೇ ಕಳಚಿದ ಊರುಗಳೂ ಇವೆ.

ಇಷ್ಟೆಲ್ಲ ನಡೆಯಲು ಸಮಯವೆಲ್ಲಿ, ಭಾಷೆ ತಿಳಿಯದಲ್ಲ ಎಂಬ ಆಕ್ಷೇಪ ಸಹಜ. ಮೇಲೆ ಹೇಳಿದ್ದೆಲ್ಲ ಒಂದು ದಿನದ ನಡಿಗೆ. ಮಾಲಿಗೆ ಮೀಸಲಾದ ಕೊನೆಯ ದಿನವೇ ಸಾಕು. ನಲವತ್ತು ಜನರ ಮೆರವಣಿಗೆ ಮಾತ್ರ ಕೂಡದು. ಇಬ್ಬರು ಮೂವರ ತಂಡಗಳು, ಒಂದೊಂದು ತಂಡಕ್ಕೆ ಒಂದೊಂದು ವಿಷಯ: ಒಬ್ಬರಿಗೆ ಅಂಗಡಿ ಸಂಘದ ವಂತಿಗೆ, ಮತ್ತೊಬ್ಬರಿಗೆ ಮೇಲ್ರಸ್ತೆಯ ಕೆಳಗಿನ ಮಳಿಗೆಗಳ ಒಡೆತನ. ಒಸಾಕದ ವಾಣಿಜ್ಯ ಸಂಘಕ್ಕೆ ಮುಂಚಿತವಾಗಿ ಪತ್ರ ಬರೆದು ಭಾಷೆ ಬಲ್ಲವರ ನೆರವು ಕೋರುವುದು ಇಲ್ಲಿನ ಸಂಘದ ಕಾರ್ಯದರ್ಶಿಗಳಿಗೆ ಅಸಾಧ್ಯವೇನಲ್ಲ. ಮರಳಿದ ಮೇಲೆ ಪ್ರತಿ ತಂಡವೂ ನಾಲ್ಕು ಪುಟದ ವರದಿ ಸಲ್ಲಿಸುವುದು ಕಡ್ಡಾಯವಾಗಲಿ.

ವರದಿಗೆ ಇನ್ನೊಂದು ಉಪಯೋಗವೂ ಇದೆ. ಸಂಪೂರ್ಣವಾಗಿ ಹಾಗೂ ಕೇವಲ ವ್ಯವಹಾರಕ್ಕಾಗಿ ಮಾಡಿದ ವೆಚ್ಚವನ್ನಷ್ಟೇ ವರಮಾನ ತೆರಿಗೆ ಕಾನೂನು ಮಾನ್ಯ ಮಾಡುತ್ತದೆ. ವಿದೇಶ ಪ್ರವಾಸದ ಖರ್ಚು ತನಿಖೆಗೆ ಬಂದಾಗ ಟಿಕೆಟ್ಟು, ಹೋಟೆಲ್ ಬಿಲ್ಲುಗಳು ಹೋಗಿ ಬಂದದ್ದನ್ನು ಸಾಬೀತುಪಡಿಸುತ್ತವೆಯೇ ಹೊರತು ಏತಕ್ಕಾಗಿ ಹೋದದ್ದೆಂಬುದನ್ನಲ್ಲ. ದಿನಾಂಕ ಸಹಿತವಾದ ಟಿಪ್ಪಣಿ, ಭೇಟಿಯಾದವರ ವಿಸಿಟಿಂಗ್ ಕಾರ್ಡು, ಕೊಂಡ ಮಾದರಿ ಸರಕಿನ ರಸೀದಿ ಇದ್ದರೆ ಉತ್ತರ ಹೇಳುವುದು ಸುಲಭ. ಪತ್ನಿಯ ಟಿಕೆಟ್ಟನ್ನೂ ಇದೇ ಖಾತೆಗೆ ಬರೆಯುವ ಪರಿಪಾಠದ ಬಗ್ಗೆ ಪ್ರತ್ಯೇಕ ಲೇಖನವೇ ಬೇಕಾದೀತು.

ನಡಿಗೆಯನ್ನು ಉತ್ತರದಿಂದಲೇ, ಬೆಳಿಗ್ಗೆ ಒಂಬತ್ತಕ್ಕೆ ಮುನ್ನ ಆರಂಭಿಸುವುದು ಉಚಿತ. ದೋಗುಯಾಸುಜಿಯ ಬಹುತೇಕ ಅಂಗಡಿಗಳು ಸಂಜೆ ಆರರ ಸುಮಾರಿಗೆ ಬಾಗಿಲು ಹಾಕುತ್ತವೆ. ಜುಲೈ, ಆಗಸ್ಟ್ ತಿಂಗಳುಗಳ ಸೆಕೆ ಮಂಗಳೂರನ್ನು ನೆನಪಿಸುವಂಥದು. ಆ ದಿನಗಳ ಮೇಳಗಳಿಗೆ ಹೋಗುವವರು ಮಧ್ಯಾಹ್ನದ ಹೊತ್ತನ್ನು ಸೆಂಬಾದ ಮಳಿಗೆಗಳೊಳಗೆ ಕಳೆಯುವಂತೆ ಸಮಯ ಹೊಂದಿಸಿಕೊಳ್ಳಬೇಕು.