ಕುರುಕ್ಷೇತ್ರ ಬಿಡಬೇಡಿ, ಸಂಸರನ್ನೂ ಆಡೋಣ ಬನ್ನಿ!

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ನಾಟಕದ ಹುಚ್ಚಿನ ಅಣ್ಣಂದಿರೇ, ಅಕ್ಕಂದಿರೇ, ಹಾರ್ಮೋನಿಯಂ ಮೇಷ್ಟ್ರುಗಳೇ, ಕಾಲೇಜಿನ ಮಕ್ಕಳೇ,

ಯಳಂದೂರು ತಾಲ್ಲೂಕಿನ ಅಗರದಲ್ಲಿ 1898ರಲ್ಲಿ ಒಬ್ಬ ನಾಟಕಕಾರ ಹುಟ್ಟಿದ. ‘ಸಂಸ’ ಎಂಬ ಹೆಸರಿಟ್ಟುಕೊಂಡು ಮೈಸೂರು ಅರಸರ ಚರಿತ್ರೆಯನ್ನೇ ಹಿಡಿದು 23 ನಾಟಕ ಬರೆದ ಎನ್ನುತ್ತಾರೆ. ಉಳಿದಿರುವುದು ಆರೇ ಆರು. ಪೊಲೀಸರು ಬೆನ್ನು ಹತ್ತಿದ್ದಾರೆಂಬ ಭಯದಲ್ಲೇ ಬದುಕು ಸವೆಸಿ, 1939ರಲ್ಲಿ ಮೈಸೂರಿನಲ್ಲಿ ತನ್ನ ಪ್ರಾಣ ತಾನೇ ಕಳೆದುಕೊಂಡ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲು ರಂಗಮಂದಿರಕ್ಕೆ ಅವರ ಹೆಸರಿದೆ. ನಮ್ಮೂರ ಹಬ್ಬದ ಸ್ಟೇಜಿನ ಮೇಲೆ ಅವರ ನಾಟಕ ನೋಡಿದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ.

ನಾಟಕಕ್ಕೆ ನಾವು ಖರ್ಚು ಮಾಡುವುದಿಲ್ಲ ಅಂತಲ್ಲ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು ಅಂತ ಪಾತ್ರಕ್ಕೆ ದುಡ್ಡು ಕಟ್ಟುತ್ತೇವೆ. ರೇಷ್ಮೆಗೂಡು ಮಾರಿದ ಹಣ ಸೀನರಿಯವರ ಕೈಗೆ ಹೋಗುತ್ತದೆ. ತಿಂಗಳುಗಟ್ಟಲೆ ತಾಲೀಮು. ಆ ರಾತ್ರಿ ಗದೆ ಹೆಗಲಿಗೇರಿಸಿ, ಹಾರ್ಮೋನಿಯಂ ಕಡೆ ಒಮ್ಮೆ ಕಣ್ಣು ಹಾಯಿಸಿ, ಒಂದು ಕಂದಪದ್ಯವನ್ನು ಉಸಿರು ಬಿಡದೆ ಎಳೆದರೆ ಮುಂದಿನ ಸಾಲಿನಿಂದ ‘ಒನ್ಸ್ ಮೋರ್’, ಕೊರಳಿಗೆ ಹಾರ. ಈ ಸುಖವನ್ನು ಬಿಡಿ ಅಂತ ಹೇಳಲು ನಮಗೇನು ಹುಚ್ಚೇ?

ನಾವು ಹೇಳುವುದು ಇಷ್ಟೆ: ಅದೇ ಗಂಟಲು, ಅದೇ ಗತ್ತು ಸಂಸರ ನಾಟಕಕ್ಕೂ ಬೇಕು. ಸಂಸರ ಭಾಷೆ ಹಳತು, ಕಬ್ಬಿಣದ ಕಡಲೆ ಎಂದು ಪೇಟೆಯ ತಂಡಗಳು ಹಿಂಜರಿಯಬಹುದು. ಕಂದಪದ್ಯ ಅಗಿದು ಅರಗಿಸಿಕೊಂಡ ನಮ್ಮ ಭೀಮ, ದುರ್ಯೋಧನರಿಗೆ ಅದೇನು ಕಷ್ಟ? ‘ವಿಗಡ ವಿಕ್ರಮರಾಯ’ ಓದಿ. ಸಿಂಹಾಸನದ ಮಗ್ಗುಲಲ್ಲೇ ನಿಂತು ಅರಸೊತ್ತಿಗೆ ನುಂಗಲು ಹೊಂಚುವ ದಳವಾಯಿ, ಅವನೆದುರು ರಣಧೀರ ಕಂಠೀರವ. ದುರ್ಯೋಧನನ ಪಾತ್ರಕ್ಕೆ ಕಾದು ಕೂತವನಿಗೆ ಈ ದಳವಾಯಿ ಇನ್ನೂ ಒಂದು ಕೈ ಮಿಗಿಲು. ಉದ್ದನೆಯ ಮಾತುಗಳನ್ನು ಮೇಷ್ಟ್ರು ಕತ್ತರಿಸಿಕೊಳ್ಳಲಿ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಅವರ ಮನೆಯವರದು. ಸಂಸರ ವಿಚಾರದಲ್ಲಿ ಆ ಗಡುವು ಎಂದೋ ಮುಗಿದಿದೆ. ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಗೌರವಧನ ಕಟ್ಟಬೇಕಿಲ್ಲ.

‘ಅದು ಹಳೇದಾಯ್ತು, ಈ ಕಾಲದ್ದು ಹೇಳಿ’ ಅನ್ನುವವರಿಗೆ ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’. ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ತಂಬೂರಿ ಮೀಟಿ ಹಾಡುವ ಪರಂಜ್ಯೋತಿಯ ಕಥೆಯೇ ಅದರ ಬೇರು. ಕೊಳಕು ಜಂಗಮನಾಗಿ ಕಲ್ಯಾಣದ ಬಾಗಿಲಲ್ಲಿ ನಿಂತು ಶರಣರನ್ನೇ ಒರೆಗೆ ಹಚ್ಚಿದವನು ನಮ್ಮ ಸೀಮೆಯ ದೇವರು. ಮೇಳಕ್ಕೆ ಹಾಡುಗಾರರನ್ನು ಹೊರಗಿನಿಂದ ಕರೆಸಬೇಕೆ? ಪಕ್ಕದ ಬೀದಿಗೆ ಹೋಗಿ ಕೇಳಿ.

ದೇವನೂರ ಮಹಾದೇವರ ‘ಕುಸುಮಬಾಲೆ’ ಕಾದಂಬರಿ ಬಂದದ್ದು 1984ರಲ್ಲಿ. ಸಿ. ಬಸವಲಿಂಗಯ್ಯ ಅದನ್ನು ಮೈಸೂರು ರಂಗಾಯಣಕ್ಕೆ ನಾಟಕವಾಗಿಸಿದರು. ರಾತ್ರಿ ದೀಪಗಳ ಜೋತಮ್ಮಂದಿರು ಒಂದೆಡೆ ಸೇರಿ ಮನೆಮನೆಯ ಸುದ್ದಿ ಮಾತಾಡಿಕೊಳ್ಳುವ ಭಾಗವನ್ನಷ್ಟೇ ಗಟ್ಟಿಯಾಗಿ ಓದಿ ನೋಡಿ. ಬೇರೆ ಜಿಲ್ಲೆಯ ನಟರು ತಿಣುಕಿ ಕಲಿಯಬೇಕಾದ ಆ ನಂಜನಗೂಡು ಸೀಮೆಯ ಮಾತು ನಮಗೆ ಅಜ್ಜಿಯ ಮಾತು. ಕಂಬಾರರ ‘ಜೋಕುಮಾರಸ್ವಾಮಿ’ಯೂ ಬಯಲಿನಲ್ಲಿ ಆಡಲು ಹೇಳಿ ಮಾಡಿಸಿದ ನಾಟಕ, ಆದರೆ ಅದರ ಉತ್ತರ ಕರ್ನಾಟಕದ ಮಾತು ನಮ್ಮ ಬಾಯಲ್ಲಿ ಅಷ್ಟು ಸಲೀಸಾಗಿ ಹೊರಳುವುದಿಲ್ಲ. ಅದು ಎರಡನೇ ವರ್ಷಕ್ಕಿರಲಿ.

ಇನ್ನೊಂದು ಮಾತು, ಸಿಟ್ಟು ಮಾಡಿಕೊಳ್ಳಬೇಡಿ. ದ್ರೌಪದಿಯನ್ನು ಯಾವಾಗಲೂ ಬಾಡಿಗೆಗೆ ಯಾಕೆ ಕರೆತರುತ್ತೇವೆ? ಊರಲ್ಲಿ ಹೆಣ್ಣುಮಕ್ಕಳಿಲ್ಲವೇ? ಸಂಘದ ಅಕ್ಕಂದಿರು ದು. ಸರಸ್ವತಿಯವರ ‘ಸಣ್ತಿಮ್ಮಿ ರಾಮಾಯಣ’ ಓದಲಿ. ಒಬ್ಬಳೇ ಹೆಂಗಸು ನಿಂತು ನಡೆಸಿಕೊಡಬಹುದಾದ ಪ್ರಯೋಗ, ಪರದೆ, ಕಿರೀಟದ ಹಂಗಿಲ್ಲ. ಕಾಲೇಜಿನವರಿಗೆ ಕಾರ್ನಾಡರ ‘ಒಡಕಲು ಬಿಂಬ’ ಇದೆ: ಒಬ್ಬ ನಟಿ, ಒಂದು ಟೀವಿ ಪರದೆ, ಪರದೆಯಲ್ಲಿ ಅವಳದೇ ಮುಖ ಅವಳನ್ನು ಪ್ರಶ್ನೆ ಕೇಳುತ್ತದೆ. ಶಾಲೆಗೆ ವೈದೇಹಿಯವರ ‘ನಾಯಿಮರಿ ನಾಟಕ’. ಹನೂರಿನ ಹುಡುಗಿಯರೇ, ನಿಮಗೆ ಪುಸ್ತಕವೇ ಬೇಡ. ಕಂಸಾಳೆಯವರು ಹಾಡುವ ಸಂಕಮ್ಮನ ಸಾಲು ಕೇಳಿ. ಶೀಲ ಶಂಕಿಸುವ ನೀಲೇಗೌಡ, ಮಾತು ಕೊಡಲೊಲ್ಲದ ಸಂಕಮ್ಮ, ಕಾಯಲು ಬರುವ ಮಾದಪ್ಪ. ಎರಡು ಗಂಟೆಯ ನಾಟಕ ಅಲ್ಲೇ ಕೂತಿದೆ, ನೀವೇ ಬರೆಯಿರಿ.

ಮಾಡಬೇಕಾದದ್ದು: ಈ ಸಲ ಸೀನರಿಯವರಿಗೆ ಮುಂಗಡ ಕೊಡುವ ಮೊದಲು ನಾಲ್ಕು ಜನ ನಿಮ್ಮೂರ ಗ್ರಂಥಾಲಯದಲ್ಲಾಗಲಿ ಅರಳಿಕಟ್ಟೆಯಲ್ಲಾಗಲಿ ಕೂತು ಒಂದು ನಾಟಕವನ್ನು ಗಟ್ಟಿಯಾಗಿ ಓದಿ. ಪುಸ್ತಕ ಇಲ್ಲದಿದ್ದರೆ ಲೈಬ್ರರಿಯವರಿಗೆ ಬರೆದುಕೊಟ್ಟು ತರಿಸಿ. ಬದುಕಿರುವ, ಇಲ್ಲವೇ ತೀರಿಕೊಂಡು 60 ವರ್ಷ ಆಗಿರದ ಲೇಖಕರ ನಾಟಕವಾದರೆ ಪ್ರಕಾಶಕರ ವಿಳಾಸಕ್ಕೆ ಒಂದು ಕಾಗದ ಹಾಕಿ ಅನುಮತಿ ಪಡೆಯಿರಿ. ಕದ್ದು ಆಡುವುದು ಬೇಡ. ಕುರುಕ್ಷೇತ್ರ ಶನಿವಾರ ರಾತ್ರಿ ಇರಲಿ, ಹೊಸ ನಾಟಕ ಶುಕ್ರವಾರ. ಹಾಕಿದ ಸ್ಟೇಜು, ತಂದ ಮೈಕು ಹೇಗೂ ಅಲ್ಲೇ ಇರುತ್ತದಲ್ಲ.

ಗುಬ್ಬಿ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ನೆಲ ಇದು. ಅವರ ಮಗನ ಫೋಟೋ ನಮ್ಮ ಪ್ರತಿ ಆಟೋದ ಮೇಲಿದೆ. ಅಪ್ಪನ ಕಸುಬಿಗೂ ಒಂದು ರಾತ್ರಿ ಕೊಡಿ.

ಈ ಚೀಟಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಸಾಡಬೇಡಿ. ಓದಾದ ಮೇಲೆ ನಿಮ್ಮೂರ ಹಾರ್ಮೋನಿಯಂ ಮೇಷ್ಟ್ರ ಕೈಗೆ ಕೊಡಿ.

ಇಂತಿ,
ಮೂರು ತಾಲ್ಲೂಕಿನ ನಾಟಕದ ಹುಚ್ಚಿನವರು