ಊರು ಬಾಗಿಲು ಮುಚ್ಚಿದಾಗ ಕಾಡಿಗೆ ಕೊಡಲಿ

2020ರ ಮಾರ್ಚ್ 20. ಕೊರೊನಾಕ್ಕೆ ಹೆದರಿ ನಾಡೆಲ್ಲ ಮನೆ ಸೇರುತ್ತಿದ್ದ ವಾರ. ಅದೇ ದಿನ ರಾಜ್ಯ ವನ್ಯಜೀವಿ ಮಂಡಳಿ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು. ಬಲಿ ಬೀಳಬೇಕಿದ್ದದ್ದು ಸುಮಾರು 596 ಹೆಕ್ಟೇರ್ ಕಾಡು, ಎರಡು ಲಕ್ಷಕ್ಕೂ ಮಿಕ್ಕಿದ ಮರ, ಆನೆಗಳು ತಲೆತಲಾಂತರದಿಂದ ತುಳಿದ ಹಾದಿ. ನಾಲ್ಕು ಜನ ಕೂಡಿ ಪ್ರಶ್ನೆ ಕೇಳಲೂ ಆಗದ ಹೊತ್ತಿನಲ್ಲಿ ಇಷ್ಟು ಆತುರ ಯಾರ ಹಿತಕ್ಕೆ?

ದಿಲ್ಲಿಯೂ ಹಿಂದೆ ಬೀಳಲಿಲ್ಲ. ಅದೇ ಬೇಸಿಗೆಯಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಹೊರಬಿತ್ತು. ಅನುಮತಿಯಿಲ್ಲದೆ ಶುರುವಾದ ಯೋಜನೆಗೆ ಆಮೇಲೆ ಅನುಮತಿ ಕೊಡಬಹುದಂತೆ. ಸಾರ್ವಜನಿಕ ಅಹವಾಲಿಗೆ ಕೊಡುತ್ತಿದ್ದ 30 ದಿನ ಇನ್ನು 20 ದಿನವಂತೆ. ಆ ಕರಡೂ ಕನ್ನಡದಲ್ಲಿ ಇರಲಿಲ್ಲ. ತನ್ನ ಬೆಟ್ಟ, ಹಳ್ಳ, ಗದ್ದೆ ಹೋಗುವ ಸುದ್ದಿಯನ್ನು ಅಂಕೋಲೆಯ ಹಾಲಕ್ಕಿ ರೈತ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಓದಿ ತಕರಾರು ಬರೆಯಬೇಕಿತ್ತೇ? ಇದು ಅನ್ಯಾಯ, ಅಷ್ಟೇ.

ಕಾಡು ಕೆಡಿಸಿದರೆ ರೋಗ ಹೇಗೆ ಮನೆಗೆ ಬರುತ್ತದೆಂದು ಮಲೆನಾಡಿಗೆ ಯಾರೂ ಪಾಠ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನ ಸತ್ತರು. ಉಣುಗು ಕಚ್ಚಿ ಹರಡುವ ಆ ಮಂಗನ ಕಾಯಿಲೆ 2019ರಲ್ಲೂ ಸಾಗರದ ಅರಳಗೋಡಿನಲ್ಲಿ ಮನೆಮನೆಯ ದೀಪ ಆರಿಸಿತು. ಇಷ್ಟು ಕಂಡ ರಾಜ್ಯದ ಆಡಳಿತ ಇನ್ನೊಂದು ಮಹಾಮಾರಿಯ ನಡುವೆಯೇ ಕಾಡು ಕಡಿಯಲು ಸಹಿ ಹಾಕುತ್ತದೆಂದರೆ, ಅದು ಮರೆವಲ್ಲ, ಸತ್ತವರಿಗೆ ಮಾಡಿದ ಅವಮಾನ.

ತಡೆದವರು ಯಾರು? ಸಂಬಳವಿಲ್ಲದ ಜನ. ಪರಿಸರ ಸಂಘಟನೆಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದವು. 2020ರ ಜೂನ್‌ನಲ್ಲಿ ರೈಲು ಮಾರ್ಗಕ್ಕೆ ತಡೆ ಬಂತು. ಆಗಸ್ಟ್‌ನಲ್ಲಿ, ಜನರ ಭಾಷೆಯಲ್ಲಿ ಪ್ರಚಾರವಾಗದ ಕರಡನ್ನು ಅಂತಿಮಗೊಳಿಸದಂತೆ ಅದೇ ಕೋರ್ಟು ಕೇಂದ್ರವನ್ನು ತಡೆಯಿತು. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲೂ ಹೀಗೆಯೇ ಆಯಿತು. ಅಲ್ಲಿನ ಹುಲ್ಲುಗಾವಲನ್ನು ಮೀಸಲು ಪ್ರದೇಶ ಮಾಡುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತು. ಹಕ್ಕಿ ನೋಡುವವರು, ಪರಿಸರದ ಗೆಳೆಯರು ಪಟ್ಟು ಬಿಡಲಿಲ್ಲ. 2024ರಲ್ಲಿ ಅದೇ ಮಂಡಳಿ ಒಪ್ಪಲೇಬೇಕಾಯಿತು.

ಇಂಥವರನ್ನು ಅಭಿವೃದ್ಧಿ ವಿರೋಧಿಗಳು ಎಂದು ಹೀಯಾಳಿಸುವುದನ್ನು ನಿಲ್ಲಿಸಿ. ಕೊರೊನಾ ಕಾಲದಲ್ಲಿ ಪಟ್ಟಣದ ಕೆಲಸ ಹೋಗಿ ಲಕ್ಷಾಂತರ ಮಂದಿ ಊರಿಗೆ ನಡೆದು ಬಂದಾಗ ಅವರನ್ನು ಸಾಕಿದ್ದು ಊರಿನ ನೆಲ, ಊರಿನ ಕೆರೆ, ಉದ್ಯೋಗ ಖಾತ್ರಿಯ ಕೂಲಿ. ಚೇತರಿಕೆ ಅಂದರೆ ಇವನ್ನೇ ಗಟ್ಟಿ ಮಾಡುವುದು. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಕಾಯ್ದೆ ಹೇಳುತ್ತದೆ. ಬಹುಪಾಲು ಸಮಿತಿಗಳು ಕಡತದಲ್ಲಿ ಮಲಗಿವೆ. ಅವಕ್ಕೆ ಹಣ ಕೊಡಿ, ಅಧಿಕಾರ ಕೊಡಿ. ಹೂಳೆತ್ತುವ, ಸಸಿ ನೆಡುವ, ಕಾಡು ಕಾಯುವ ಕೆಲಸವನ್ನು ಊರ ಸಂಘಗಳಿಗೆ ವಹಿಸಿ. ಯೋಜನೆಯ ಪ್ರತಿ ಕಾಗದವನ್ನೂ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಇಡಿ. ಗ್ರಾಮಸಭೆ ಬೇಡವೆಂದರೆ ಕೊಡಲಿ ಎತ್ತಬೇಡಿ. ಎತ್ತಿದರೆ ನಾವು ಅಡ್ಡ ನಿಲ್ಲುತ್ತೇವೆ, ಕೋರ್ಟಿನಲ್ಲೂ, ಕಾಡಿನಲ್ಲೂ.