ತಪಾಸಣೆಯ ಮರುದಿನ

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ‘ದಹನ ಮತ್ತು ಜ್ವಾಲೆ’ ಪಾಠ ಮಾಡುತ್ತಿದ್ದೆ. ಕಾರಿಡಾರಿನ ಗೋಡೆಯಲ್ಲಿದ್ದ ಅಗ್ನಿನಂದಕ ತೋರಿಸಿದಾಗ ಒಬ್ಬ ಹುಡುಗಿ ಕೇಳಿದಳು: “ಮಿಸ್, ಮುಳ್ಳು ಕೆಂಪಿನಲ್ಲಿದೆಯಲ್ಲ, ಹಾಗಂದ್ರೇನು?” ಒತ್ತಡ ಇಳಿದಿದೆ, ಬೇಕಾದಾಗ ಇದನ್ನು ನಂಬುವಂತಿಲ್ಲ ಎಂದೆ. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ವಾರ್ಷಿಕ ತಪಾಸಣೆಯ ಸಹಿ ಇತ್ತು. ಪೀರಿಯಡ್ ಮುಗಿಯುತ್ತಿತ್ತು; ಮುಖ್ಯಶಿಕ್ಷಕರಿಗೆ ಹೇಳದೆ ನಾನೂ ತರಗತಿಗೆ ಮರಳಿದೆ.

2004ರ ಜುಲೈ 16ರಂದು ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಸತ್ತರು. ಆ ದುರಂತದ ಹಿನ್ನೆಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಶಾಲೆಗಳಲ್ಲಿ ಅಗ್ನಿನಂದಕ ಇರಬೇಕು, ಸಿಬ್ಬಂದಿಗೆ ಅದನ್ನು ಬಳಸುವ ತರಬೇತಿಯೂ ಆಗಬೇಕು ಎಂದಿತು. ನಾಳೆ ಆ ಸಿಬ್ಬಂದಿ ನಾವೇ. ಆದರೆ ಅದರ ಪಿನ್ ಎಳೆಯುವುದನ್ನು ನಾನಿನ್ನೂ ಕಲಿತಿಲ್ಲ.

ತಪಾಸಣೆ ವರ್ಷಕ್ಕೊಂದು ದಿನ. ಉಳಿದ ದಿನ ನೋಡಬೇಕಾದವರು ಶಿಕ್ಷಕರು. ಆದ್ದರಿಂದ ಬೋಧನಾಭ್ಯಾಸದ ಮೊದಲ ವಾರದಲ್ಲೇ ಪ್ರತಿ ಪ್ರಶಿಕ್ಷಣಾರ್ಥಿ ಶಾಲೆಯ ಹೊರದಾರಿ, ಬಾಗಿಲಿನ ಬೀಗ, ಅಡುಗೆಮನೆ, ಅಗ್ನಿನಂದಕಗಳನ್ನು ನೋಡಿ ಮುಖ್ಯಶಿಕ್ಷಕರಿಗೆ ಒಂದು ಪುಟದ ವರದಿ ಕೊಡಲಿ. ಒಮ್ಮೆಯಾದರೂ ಮಕ್ಕಳನ್ನು ಸಾಲಾಗಿ ಮೈದಾನಕ್ಕೆ ಕರೆತರುವ ಅಭ್ಯಾಸ ಮಾಡಿಸಲಿ. ಪಾಠಯೋಜನೆಯಂತೆ ಇದಕ್ಕೂ ಅಂಕವಿರಲಿ. ಅಂಕವಿಲ್ಲದ ಕೆಲಸ ಪೀರಿಯಡ್ ಮುಗಿಯುವ ಹೊತ್ತಿಗೆ ಮರೆತುಹೋಗುತ್ತದೆ, ನನಗೆ ಮರೆತಂತೆ.